ನೀರು ಕುಡಿದಿದ್ದೆ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನಿಂದ ಬೊಗಸೆ ತುಂಬ ಪ್ರೀತಿ. ಮೊದಲು ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ನನ್ನನ್ನು ಯಾರೂ ಹೊಡೆಯುತ್ತಿಲ್ಲ.

ಮೊನ್ನೆ ಬುಧವಾರ ವಿಡಿಯೋ ಕರೆಯಲ್ಲಿ ಮಾತಾಡುತ್ತಾ ಮೇಲಿನ ಡಬ್ಬಿ ತೆಗೆಯಲು ಕೈ ಚಾಚಿದಾಗ ನನ್ನ ಅಂಗಿಯ ತೋಳು ಜಾರಿ, ಮೊಣಕೈ ಪಕ್ಕದ ನೀಲಿ ಕಲೆ ನಿನ್ನ ಕಣ್ಣಿಗೆ ಬಿತ್ತು. ಬಾಗಿಲಿಗೆ ತಗಲಿತು ಎಂದೆ. ಅದಕ್ಕೆ ಮೊದಲು ಕುತ್ತಿಗೆಯ ಹತ್ತಿರದ ಕೆಂಪು ಗೆರೆಗೆ ಬ್ಯಾಗಿನ ಪಟ್ಟಿ ಉಜ್ಜಿತು ಎಂದಿದ್ದೆ. ಕಣ್ಣಿನ ಆಸ್ಪತ್ರೆಯಲ್ಲಿ ದಿನವಿಡೀ ಕೂತು ಜನರ ದೃಷ್ಟಿ ಅಳೆಯುವವಳ ಮುಂದೆ ಇಂಥ ಸುಳ್ಳು ಎಷ್ಟು ದಿನ ನಡೆದೀತು? "ಅಮ್ಮಾ, ಯಾರು ಹೊಡೀತಿರೋದು? ನಿಜ ಹೇಳು," ಎಂದು ನೀನು ಕೇಳಿದಾಗ ಸಿಗ್ನಲ್ ಸಿಗುತ್ತಿಲ್ಲ ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ನಿನ್ನ ಕರೆ ಬಂದಾಗಲೆಲ್ಲ ಫೋನನ್ನು ಕೈಯಲ್ಲಿ ಹಿಡಿದು, ಅದು ಸುಮ್ಮನಾಗುವವರೆಗೆ ನೋಡುತ್ತಾ ಕೂತೆ. ಆ ರಾತ್ರಿ ನೀನು ನಿದ್ದೆ ಮಾಡಿರಲಿಕ್ಕಿಲ್ಲ. ನಾನೂ ಮಾಡಲಿಲ್ಲ.

ಕಾಗದವೇಕೆಂದರೆ, ಫೋನಿನಲ್ಲಿ ನಿನ್ನ ದನಿ ಏರುತ್ತದೆ, ನಿನ್ನ ದನಿ ಏರಿದರೆ ನನಗೆ ಅಳು ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ನಿಮ್ಮೂರಿನ ರಾತ್ರಿ ಬಸ್ಸು ಓಡಿಸುವ ಮೀಸೆ ಮಾವ ಇವತ್ತು ಡ್ಯೂಟಿಯಲ್ಲಿದ್ದಾರೆ. ಅವರ ಕೈಲಿ ಕೊಡುತ್ತೇನೆ, ಬೆಳಿಗ್ಗೆ ನಿನಗೆ ತಲುಪುತ್ತದೆ. ಪೂರ್ತಿ ಓದಿದ ಮೇಲೆ ಎಷ್ಟು ಬೇಕಾದರೂ ಬೈಯಿ.

ನಾನು ಜೂಡೋ ಕಲಿಯುತ್ತಿದ್ದೇನೆ.

ನಕ್ಕುಬಿಡು, ಪರವಾಗಿಲ್ಲ. ಮಂಡಿ ನೋವೆಂದು ಮೆಟ್ಟಿಲ ಮೇಲೆ ನಿಂತು ನಿಂತು ಹತ್ತುವ ನಿನ್ನ ಅಮ್ಮ, ಬಿಳಿ ಬಟ್ಟೆ ತೊಟ್ಟು, ಸೊಂಟಕ್ಕೆ ಬಿಳಿ ಪಟ್ಟಿ ಬಿಗಿದು, ಟೈರ್ ಅಂಗಡಿಯ ಮಹಡಿಯ ಮೇಲೆ ದಬದಬ ಬೀಳುತ್ತಾಳೆ. ಆ ಕಲೆಗಳೆಲ್ಲ ಅಲ್ಲಿಯವು. ಯಾಕೆ ಸೇರಿದೆ ಎನ್ನುವುದನ್ನು ಹೇಳಬೇಕು. ಅದನ್ನೇ ನಿನ್ನಿಂದ ಮುಚ್ಚಿಟ್ಟಿದ್ದೆ.

ಚಳಿಗಾಲ ಮುಗಿಯುತ್ತಿದ್ದಾಗಿನ ಮಾತು. ಸೇತುವೆಯ ಕಡೆಯ ರಸ್ತೆಯನ್ನು ಅಗೆದು ಹಾಕಿದ್ದರು. ನಾನು ಓಡಿಸುತ್ತಿದ್ದ ಬಸ್ಸು ತುಂಬ ತಡವಾಗಿ ಕೊನೆಯ ನಿಲ್ದಾಣ ಸೇರಿತು. ಜನ ಗೊಣಗುತ್ತಾ ಇಳಿದರು. ಒಬ್ಬ ಮಾತ್ರ ಇಳಿಯದೆ ನನ್ನ ಸೀಟಿನ ಹತ್ತಿರ ಬಂದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ಊಟದ ಚೀಲ. ನೋಡಿದರೆ ಯಾವುದೋ ಮನೆಯ ಮರ್ಯಾದಸ್ಥ ಯಜಮಾನ. "ನಿನ್ನ ದೆಸೆಯಿಂದ ಇವತ್ತು ನನ್ನ ಕೆಲ್ಸ ಹೋಯ್ತು," ಎಂದ. ಉತ್ತರ ಕೊಡಲು ತಿರುಗುವಷ್ಟರಲ್ಲಿ ನನ್ನ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. ಔಷಧಿ ಬಾಟಲಿ ಕುಲುಕುವ ಹಾಗೆ ನನ್ನನ್ನು ಕುಲುಕಿದ. ಆಮೇಲೆ ಬಿಟ್ಟು, ಚೀಲ ಸರಿಮಾಡಿಕೊಂಡು ಇಳಿದು ಹೋದ.

ಹೊಡೆಯಲಿಲ್ಲ, ಪುಟ್ಟಿ. ಅಂಗಿಯ ಒಂದು ಗುಂಡಿ ಕಿತ್ತು ಬಂತು, ಅಷ್ಟೇ. ಆದರೆ ಅಷ್ಟು ಹೊತ್ತೂ ನನ್ನ ಎರಡೂ ಕೈ ಸ್ಟಿಯರಿಂಗ್ ಮೇಲೇ ಇದ್ದವು. ಬಸ್ಸು ನಿಂತಿತ್ತು, ಎಂಜಿನ್ ಆರಿತ್ತು, ಆದರೂ ಯಾವುದೋ ತಿರುವು ಬರಲಿದೆ ಎನ್ನುವಂತೆ ಗಟ್ಟಿಯಾಗಿ ಹಿಡಿದಿದ್ದೆ. ಕೂಗಬೇಕು ಎಂದು ಕೂಡ ಹೊಳೆಯಲಿಲ್ಲ. ನಮ್ಮ ಡಿಪೋದ ಕಂಟ್ರೋಲರ್‌ಗೆ ಹೇಳಿದೆ. ಅವರು ಕೆಟ್ಟವರಲ್ಲ, ನಿನಗೂ ಗೊತ್ತು. "ಸದ್ಯ, ಹೊಡೀಲಿಲ್ವಲ್ಲ, ಬಿಡಮ್ಮ," ಎಂದು ಒಂದು ಲೋಟ ಚಹಾ ತರಿಸಿಕೊಟ್ಟರು.

ಅಂದಿನಿಂದ ಹತ್ತುವವರ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದೆ. ಯಾರ ಕೈ ಖಾಲಿ ಇದೆ, ಯಾರ ಕೈ ಜೇಬಿನಲ್ಲಿದೆ, ಯಾರದು ಕಂಬಿ ಹಿಡಿಯದೆ ನನ್ನ ಕಡೆ ಬರುತ್ತಿದೆ. ಹಿಂದಿನಿಂದ ಯಾರಾದರೂ ಕೆಮ್ಮಿದರೂ ಕತ್ತಿನ ಹಿಂಭಾಗ ಚುರ್ರೆನ್ನುತ್ತಿತ್ತು. ಒಂದು ದಿನ ಒಳಗಿನ ಕನ್ನಡಿಯಲ್ಲಿ ಒಬ್ಬ ನೀಲಿ ಅಂಗಿಯವನನ್ನೇ ನೋಡುತ್ತಾ ಇದ್ದೆ. ಮುಂದೆ ಸೈಕಲ್ಲಿನ ಹುಡುಗಿಯೊಬ್ಬಳು ಅಡ್ಡ ಬಂದದ್ದು ಕಾಣಲಿಲ್ಲ. ಹೇಗೋ ಬ್ರೇಕ್ ತುಳಿದೆ. ಅವಳು ಏನೂ ಆಗದೆ ಬೆಲ್ಲು ಬಾರಿಸುತ್ತಾ ಹೋದಳು. ಅವನೊಬ್ಬನ ಭಯದಲ್ಲಿ ಇನ್ನಾರನ್ನೋ ಕೊಂದುಬಿಡುತ್ತೇನೆ ಎನಿಸಿತು. ಕೆಲಸ ಬಿಡಬೇಕು, ಇಲ್ಲವೇ ಭಯ ಬಿಡಬೇಕು. ಕೆಲಸ ಬಿಟ್ಟು ಏನು ಮಾಡಲಿ? ನನಗೆ ಬಸ್ಸು ಓಡಿಸುವುದು ಇಷ್ಟ.

ಹಳೇ ಅಂಚೆ ಕಚೇರಿಯ ಸಿಗ್ನಲ್‌ನಲ್ಲಿ ನಿಂತಾಗ ಟೈರ್ ಅಂಗಡಿಯ ಮಹಡಿ ಬಸ್ಸಿನ ಕಿಟಕಿಗೆ ಸರಿಯಾಗಿ ಕಾಣುತ್ತದೆ. ಅಲ್ಲಿ ಬಿಳಿ ಬಟ್ಟೆಯವರು ಬೀಳುವುದನ್ನು ಎಷ್ಟೋ ಸಲ ನೋಡಿದ್ದೆ. ಅವತ್ತು ಬೇರೆ ರೀತಿ ನೋಡಿದೆ. ಬೀಳುತ್ತಿದ್ದರು, ಎದ್ದು ಬಟ್ಟೆ ಸರಿಮಾಡಿಕೊಂಡು ನಗುತ್ತಾ ಮತ್ತೆ ಬೀಳಲು ಬರುತ್ತಿದ್ದರು. ಬಿದ್ದೂ ಹೆದರದ ಜನ. ಹಿಂದಿನ ಗಾಡಿಗಳು ಹಾರ್ನ್ ಹೊಡೆದಾಗಲೇ ಸಿಗ್ನಲ್ ಹಸಿರಾದದ್ದು ಗೊತ್ತಾಯಿತು.

ಕಲಿಸುವವಳು ನನ್ನ ಭುಜಕ್ಕೆ ಬರುವಷ್ಟು ಎತ್ತರದ ಹೆಂಗಸು, ಎಲ್ಲರೂ ಕೋಚಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ನನ್ನನ್ನೂ ಅಕ್ಕ ಎನ್ನುತ್ತಾಳೆ. ಇಬ್ಬರೂ ಅಕ್ಕಂದಿರೇ, ತಂಗಿ ಯಾರೂ ಇಲ್ಲ. ಮೊದಲ ದಿನ ನಾನು, "ಯಾರಾದ್ರೂ ಕಾಲರ್ ಹಿಡಿದ್ರೆ ಏನ್ ಮಾಡ್ಬೇಕು, ಅಷ್ಟು ಹೇಳಿಕೊಡಿ ಸಾಕು," ಎಂದೆ. ಅವಳು, "ಹೇಳಿಕೊಡ್ತೀನಿ. ಮೊದ್ಲು ಬೀಳೋದು ಕಲೀರಿ," ಎಂದಳು. ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಅಂಗೈಯಿಂದ ಚಾಪೆಗೆ ಪಟ್ಟೆಂದು ಹೊಡೆಯುತ್ತಾ ಬೀಳಬೇಕು. ಹೊಡೆತದ ಜೋರು ಕೈಗೆ ಹೋಗುತ್ತದೆ, ತಲೆ ಉಳಿಯುತ್ತದೆ. ಮೊದಲ ವಾರ ನಾನು ಬಿದ್ದ ರೀತಿಗೆ ಕೆಳಗಿನ ಟೈರ್ ಅಂಗಡಿಯವರು ಮೇಲೆ ಬಂದು ಏನಾಯಿತು ಎಂದು ಕೇಳಿದರು.

ಈಗ ಒಂದು ನಾಚಿಕೆಯ ವಿಷಯ. ನಿನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ?

ಡ್ಯೂಟಿಯಲ್ಲಿ ನಾನು ನೀರು ಕುಡಿಯುವುದಿಲ್ಲ. ಬಸ್ಸು ಓಡಿಸಲು ಶುರುಮಾಡಿದಾಗಿನಿಂದಲೂ ಹೀಗೇ. ನಾನೊಬ್ಬಳೇ ಅಲ್ಲ, ಡಿಪೋದ ಹೆಂಗಸರು ಯಾರೂ ಕುಡಿಯುವುದಿಲ್ಲ, ತುಟಿ ಒದ್ದೆ ಮಾಡಿಕೊಳ್ಳುತ್ತೇವೆ. ಕುಡಿದರೆ ಹೋಗುವುದೆಲ್ಲಿ? ಕೊನೆಯ ನಿಲ್ದಾಣದಲ್ಲಿ ಹೆಂಗಸರದೆಂದು ಒಂದು ಕೋಣೆ ಇದೆ, ಅದಕ್ಕೆ ಬೀಗ, ಒಳಗೆ ಪೊರಕೆ, ಬಣ್ಣದ ಡಬ್ಬಿ, ಮುರಿದ ಸೀಟು. ಗಂಡಸರು ಗೋಡೆಯ ಹಿಂದೆ ಹೋಗಿ ಬರುತ್ತಾರೆ. ನಾವು ತಡೆದುಕೊಳ್ಳುತ್ತೇವೆ, ತಡೆದುಕೊಳ್ಳಲು ಕಷ್ಟವಾಗಬಾರದೆಂದು ಕುಡಿಯುವುದನ್ನೇ ಬಿಡುತ್ತೇವೆ. ತಲೆನೋವು ಬಂದರೆ ಬಿಸಿಲಿಗೆ ಎಂದುಕೊಳ್ಳುತ್ತೇವೆ.

ಜೂಡೋದಲ್ಲಿ ನೀರು ಕುಡಿಯಲೆಂದೇ ನಡುನಡುವೆ ನಿಲ್ಲಿಸುತ್ತಾರೆ. ಎಲ್ಲರೂ ಗೋಡೆಗೆ ಒರಗಿ ಕುಡಿಯುವಾಗ ನಾನೂ ಬಾಟಲಿ ಎತ್ತುತ್ತಿದ್ದೆ, ತುಟಿ ಮುಚ್ಚಿಕೊಂಡೇ. ಗಂಟಲು ಕೂಡ ಆಡಿಸುತ್ತಿದ್ದೆ, ಯಾರಿಗೂ ಅನುಮಾನ ಬರದ ಹಾಗೆ. ಇಲ್ಲಿ ಕಾರಣ ಬೇರೆ ಇತ್ತು. ಜೋರಾಗಿ ಬಿದ್ದಾಗ ಒಂದೆರಡು ಹನಿ ಹೋಗಿಬಿಡುತ್ತಿತ್ತು, ಪುಟ್ಟಿ. ಬಿಳಿ ಬಟ್ಟೆ. ಸುತ್ತ ನಿನ್ನ ವಯಸ್ಸಿನವರು, ನಿನಗಿಂತ ಚಿಕ್ಕವರು. ಕೊಡ ಖಾಲಿ ಇದ್ದರೆ ತುಳುಕುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಬೀಳುವ ಭಯ ಹೋಯಿತು, ಈ ಭಯ ಬಂತು.

ಬಿಸಿಲು ಏರಿದ ಒಂದು ದಿನ ನಿಂತೇ ಅಭ್ಯಾಸ ಮಾಡುತ್ತಿದ್ದೆವು. ಎದುರಿನವಳ ತೋಳು ಹಿಡಿದು ತಿರುಗಬೇಕಿತ್ತು. ತಿರುಗಿದೆ. ಛಾವಣಿಯ ಫ್ಯಾನೂ ನನ್ನ ಜೊತೆ ತಿರುಗಿ ಕೆಳಗೆ ಬಂದ ಹಾಗಾಯಿತು. ಕಣ್ಣು ಬಿಟ್ಟಾಗ ನನ್ನ ಕಾಲ ಕೆಳಗೆ ಸುತ್ತಿದ ಚಾಪೆ ಇಟ್ಟಿದ್ದರು, ಯಾರೋ ಪಟ್ಟಿ ಸಡಿಲಿಸಿದ್ದರು, ಕೋಚಕ್ಕ ನನ್ನ ಕೈಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟು ನೋಡುತ್ತಿದ್ದಳು. ಚಿವುಟಿದ ಚರ್ಮ ಹಾಗೇ ನಿಂತಿತ್ತು.

"ಇವತ್ತು ನೀರು ಕುಡಿದ್ರಾ ಅಕ್ಕಾ?"

"ಕುಡಿದಿದ್ದೀನಿ."

"ಬಾತ್‌ರೂಮಿಗೆ ಹೋದಾಗ ಯಾವ ಬಣ್ಣ ಇತ್ತು?"

ಇಂಥ ಪ್ರಶ್ನೆಯನ್ನು ನನ್ನ ತಾಯಿಯೂ ಕೇಳಿರಲಿಲ್ಲ. ಹಾಲಿಲ್ಲದ ಚಹಾದ ಬಣ್ಣ ಎಂದೆ. ಅವಳು ಎಲ್ಲರನ್ನೂ ಆಚೆ ಕಳಿಸಿ ನನ್ನ ಪಕ್ಕ ಕೂತಳು. "ಬೀಳೋದು ಕಲಿಸ್ತೀನಿ, ಎತ್ತಿ ಹಾಕೋದು ಕಲಿಸ್ತೀನಿ. ಒಣಗಿದ ಮೈಗೆ ಏನು ಕಲಿಸ್ಲಿ ಅಕ್ಕಾ? ಇಲ್ಲಿ ತಲೆ ತಿರುಗಿದ್ರೆ ಚಾಪೆ ಇದೆ. ಬಸ್ಸಲ್ಲಿ ತಿರುಗಿದ್ರೆ?"

ಆ ಕೊನೆಯ ಮಾತಿಗೆ ನನಗೆ ನೆನಪಾದದ್ದು ಡಿಪೋ. ಡ್ರೈವರ್ ತಲೆಸುತ್ತಿ ಬಿದ್ದಳು ಎನ್ನುವ ಸುದ್ದಿ ಡಿಪೋ ತಲುಪಿದರೆ ವೈದ್ಯರ ಪರೀಕ್ಷೆ, ಅವರು ಆಗದೆಂದು ತಲೆಯಾಡಿಸಿದರೆ ಸ್ಟಿಯರಿಂಗ್ ನನ್ನ ಕೈ ತಪ್ಪುತ್ತದೆ. ಮನೆಗೆ ಬಂದು ಬಿಳಿ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮಡಚಿಟ್ಟೆ. ವಾಪಸು ಕೊಟ್ಟುಬಿಡುವುದು ಎಂದು. ಮುಂದಿನ ಕ್ಲಾಸಿಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ನೀನು ಆ ವಾರ ಫೋನ್ ಮಾಡಿ, ಯಾಕಮ್ಮ ದನಿ ಸಪ್ಪಗಿದೆ ಎಂದಾಗ ನೆಗಡಿ ಎಂದಿದ್ದೆ.

ಮತ್ತೆ ಎಳೆದುಕೊಂಡು ಹೋದವಳು ಬೇಕರಿಯವಳು. ಕ್ಲಾಸಿಗೆ ನನ್ನ ಜೊತೆಗೇ ಸೇರಿದವಳು, ಮೂರು ಮಕ್ಕಳ ತಾಯಿ, ಹಿಟ್ಟು ನಾದಿ ನಾದಿ ತೋಳು ಕಂಬದ ಹಾಗಿದೆ. ಒಂದು ಬೆಳಿಗ್ಗೆ ನನ್ನ ಬಸ್ಸು ಹತ್ತಿದಳು, ಎಲ್ಲೂ ಇಳಿಯಲಿಲ್ಲ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಹೋದ ಮೇಲೆ ಬಂದು, "ಏನ್ ಡ್ರೈವರಕ್ಕ, ನನ್ನನ್ನ ಎತ್ತಿಹಾಕೋರು ಯಾರೂ ಇಲ್ದಂಗಾಯ್ತಲ್ಲ," ಎಂದಳು. ಮಂಡಿ ನೋವು ಎಂದೆ. ಕೆಲಸ ಜಾಸ್ತಿ ಎಂದೆ. ಅವಳು ಕೇಳುತ್ತಾ ಕೇಳುತ್ತಾ, "ಬಿದ್ದಾಗ ಹನಿ ಹೋಗುತ್ತಾ?" ಎಂದುಬಿಟ್ಟಳು.

ನಾನು ಕಿಟಕಿಯ ಕಡೆ ತಿರುಗಿ ಹೌದೆಂದು ತಲೆಯಾಡಿಸಿದೆ.

"ಅಯ್ಯೋ, ನಂಗೂ ಹಂಗೇ ಕಣ್ರೀ. ಜೋರಾಗಿ ಸೀನಿದ್ರೂ ಕತೆ ಮುಗೀತು. ಮೊದಲ್ನೇ ದಿನವೇ ಕೋಚಕ್ಕನಿಗೆ ಹೇಳ್ಬಿಟ್ಟೆ. ಬೀಳುವಾಗ ಉಸಿರು ಹಿಡೀಬೇಡ, ಬಾಯಲ್ಲಿ ಹೂಂ ಅಂತ ಬಿಡು, ಕೆಳಗೆ ಬಿಗಿ ಹಿಡಿ ಅಂದ್ರು. ಬೆಳಿಗ್ಗೆ ಓವನ್ ಮುಂದೆ ನಿಂತಾಗ್ಲೂ ಬಿಗಿ ಹಿಡಿದು ಬಿಡೋದು ಅಭ್ಯಾಸ ಮಾಡ್ತೀನಿ. ಒಳಗೆ ಒಂದು ಪ್ಯಾಡ್ ಇಟ್ಕೋತೀನಿ. ಇದಕ್ಕೆ ಹೆದರಿ ನೀರು ಬಿಡೋದಾ?"

ಇಬ್ಬರೂ ಖಾಲಿ ಬಸ್ಸಿನಲ್ಲಿ ಕೂತು ನಕ್ಕೆವು, ಕಣ್ಣಲ್ಲಿ ನೀರು ಬರುವ ತನಕ. ನಕ್ಕರೂ ಹನಿ ಹೋಗುತ್ತದಲ್ಲ ಎಂದು ಅವಳು ಹೇಳಿದಳು, ಮತ್ತೆ ನಕ್ಕೆವು. ಅವತ್ತು ಸಂಜೆ ಇಸ್ತ್ರಿ ಮಾಡಿದ ಬಟ್ಟೆಯನ್ನೇ ತೊಟ್ಟು ಹೋದೆ.

ನೀರು ಕುಡಿಯುವುದನ್ನೂ ಕಲಿಯಬೇಕಾಯಿತು, ನಂಬುತ್ತೀಯಾ? ಮೊದಲು ಹುರುಪಿನಲ್ಲಿ ಕ್ಲಾಸಿಗೆ ಮುಂಚೆ ಒಂದಿಡೀ ಬಾಟಲಿ ಗಟಗಟ ಸುರಿದುಕೊಂಡೆ. ಎರಡು ಸಲ ಉರುಳುವಷ್ಟರಲ್ಲಿ ಎಲ್ಲ ವಾಂತಿ. ಕೋಚಕ್ಕ ಒದ್ದೆ ಬಟ್ಟೆ ಕೊಟ್ಟು, "ಗಿಡಕ್ಕೆ ಹಾಕೋ ಹಾಗೆ ಹಾಕಿ ಅಕ್ಕಾ, ಬೆಂಕಿ ಆರಿಸೋ ಹಾಗಲ್ಲ," ಎಂದಳು. ಎದ್ದ ಕೂಡಲೇ ಒಂದು ಲೋಟ, ಆಮೇಲೆ ದಿನವಿಡೀ ಗುಟುಕು ಗುಟುಕಾಗಿ, ಬಾಯಾರುವ ಮೊದಲೇ. ತುಂಬ ಬೆವರಿದ ದಿನ ಒಂದು ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ. ಕೆಲವೇ ದಿನಕ್ಕೆ ಮಧ್ಯಾಹ್ನದ ತಲೆನೋವು ಹೇಳದೆ ಕೇಳದೆ ಹೊರಟುಹೋಯಿತು. ನನ್ನ ವಯಸ್ಸಿನ ನೋವು ಎಂದುಕೊಂಡಿದ್ದೆ, ಬಾಯಾರಿಕೆಯಾಗಿತ್ತು.

ಬೇಸರ ಬರಲಿಲ್ಲವೇ ಎಂದರೆ, ಬಂತು, ಈಗಲೂ ಬರುತ್ತದೆ. ಡ್ಯೂಟಿ ಮುಗಿದ ಮೇಲೆ ಆ ಮಹಡಿಯ ಮೆಟ್ಟಿಲು ನೋಡಿದರೆ ಕಾಲು ಮನೆ ಕಡೆ ಎಳೆಯುತ್ತದೆ. ನನ್ನ ನಂತರ ಸೇರಿದ ಹುಡುಗಿಯರು ಮುಂದಿನ ದರ್ಜೆಯ ಹಳದಿ ಪಟ್ಟಿ ಕಟ್ಟಿಕೊಂಡರು. ನಾನು ಇನ್ನೂ ಬಿಳಿಯಲ್ಲೇ. ಅಂಥ ದಿನ ನಾನು ಮಾಡುವುದಿಷ್ಟೇ. ಪೂರ್ತಿ ಕ್ಲಾಸಿನ ಯೋಚನೆ ಬಿಟ್ಟು, ಮೇಲೆ ಹೋಗಿ ಬಟ್ಟೆ ಬದಲಿಸುವುದು, ಅಷ್ಟು ಮಾತ್ರ ಎಂದುಕೊಳ್ಳುತ್ತೇನೆ. ಬಟ್ಟೆ ಬದಲಿಸಿದ ಮೇಲೆ ಬೇಕರಿಯವಳು ಬಿಡುವುದಿಲ್ಲ.

ಆದರೆ ಬಸ್ಸಿನಲ್ಲಿ ಸಮಸ್ಯೆ ಹಾಗೇ ಇತ್ತು. ಕುಡಿದ ನೀರು ಕೇಳುತ್ತದೆಯೇ? ಕೊನೆಯ ನಿಲ್ದಾಣದ ಹತ್ತಿರದ ಒಂದು ಹೋಟೆಲಿನವರನ್ನು ಕಾಡಿ ಬೇಡಿ ಹೇಗೋ ನಡೆಸುತ್ತಿದ್ದೆ. ಹೋದ ತಿಂಗಳು ಸೇತುವೆ ರಸ್ತೆಯಲ್ಲಿ ಮತ್ತೆ ಗಾಡಿಗಳು ಸಾಲುಗಟ್ಟಿದವು. ಬಸ್ಸು ಕಿಕ್ಕಿರಿದಿತ್ತು. ಮೊದಲು ಸ್ವಲ್ಪ ಅನಿಸಿತು, ಆಮೇಲೆ ಜಾಸ್ತಿ. ಹಲ್ಲು ಕಚ್ಚಿದೆ, ಬಿಗಿ ಹಿಡಿದೆ. ಹಣೆಯಲ್ಲಿ ಬೆವರು. ಕ್ಲಚ್ ಒತ್ತಿದಾಗಲೆಲ್ಲ ಕಣ್ಣು ಕತ್ತಲೆ. ಮುಂದೆ ಗಾಡಿಗಳು ಅಲ್ಲಾಡುವ ಲಕ್ಷಣವಿರಲಿಲ್ಲ. ಎಡಗಡೆ ಒಂದು ಪೀಠೋಪಕರಣದ ಅಂಗಡಿ ಇತ್ತು, ಬಾಗಿಲು ತೆರೆದಿತ್ತು.

ನಾನು ಬಸ್ಸನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಬ್ರೇಕ್ ಎಳೆದು, ಕೀಲಿ ಜೇಬಿಗೆ ಹಾಕಿಕೊಂಡು ಎದ್ದು ನಿಂತೆ. "ನಾನು ಬಾತ್‌ರೂಮಿಗೆ ಹೋಗ್ಬೇಕು. ಐದು ನಿಮಿಷ," ಎಂದು ಜೋರಾಗಿ ಹೇಳಿದೆ. ಇಷ್ಟು ವರ್ಷಗಳಲ್ಲಿ ನಾನು ಪ್ರಯಾಣಿಕರಿಗೆ ನನ್ನ ಬಗ್ಗೆ ಹೇಳಿದ ಮೊದಲ ಮಾತು ಅದೇ.

ಕೆಲವರು ನಕ್ಕರು, ಕೆಲವರು ಥೂ ಎಂದರು. ಬಾಗಿಲ ಹತ್ತಿರ ನಿಂತಿದ್ದ ಎತ್ತರದ ಮನುಷ್ಯನೊಬ್ಬ ಅಡ್ಡ ಬಂದ. "ಎಲ್ಲಿಗೆ ಹೋಗ್ತೀಯ? ಕೂತ್ಕೊಂಡು ಗಾಡಿ ತೆಗಿ," ಎಂದು ನನ್ನ ಭುಜದ ಕಡೆ ಕೈ ಚಾಚಿದ. ನಾನು ಯೋಚಿಸಲಿಲ್ಲ, ಪುಟ್ಟಿ, ಮೈ ತಾನೇ ಮಾಡಿತು. ಅವನ ಮೊಣಕೈ ಹತ್ತಿರ ಅಂಗಿಯ ತೋಳನ್ನು ಹಿಡಿದಿದ್ದೆ, ಒಂದು ಹೆಜ್ಜೆ ಒಳಗೆ ಸರಿದಿದ್ದೆ. ಅವನ ಭಾರವೆಲ್ಲ ಒಂದೇ ಕಾಲಿಗೆ ಬಂದದ್ದು ನನ್ನ ಕೈಗೆ ಗೊತ್ತಾಯಿತು. ಇನ್ನೊಂದು ಚೂರು ತಿರುಗಿದ್ದರೆ ಅವನು ಮೆಟ್ಟಿಲ ಕೆಳಗೆ ಇರುತ್ತಿದ್ದ. ಆಗ ಅವನ ತೋಳು ನಡುಗುವುದು ಕೂಡ ಕೈಗೆ ಗೊತ್ತಾಯಿತು. ನನ್ನ ಕೊರಳಪಟ್ಟಿ ಹಿಡಿದವನಿಗೂ ನನ್ನ ನಡುಕ ಹೀಗೇ ತಿಳಿದಿರಬೇಕು. ತಿಳಿದೂ ಅವನು ಬಿಟ್ಟಿರಲಿಲ್ಲ. ನಾನು ಬಿಟ್ಟೆ. "ಸ್ವಲ್ಪ ದಾರಿ ಬಿಡಿ," ಎಂದೆ. ಬಿಟ್ಟ.

ಅಷ್ಟರಲ್ಲಿ ಮುಂದಿನ ಸೀಟಿನ ಮುದುಕಿಯೊಬ್ಬರು ಕೋಲು ಊರಿಕೊಂಡು ಎದ್ದರು. "ನಾನೂ ಬರ್ತೀನಿ ತಾಯಿ, ಆಗ್ಲಿಂದ ತಡ್ಕೊಂಡು ಕೂತಿದ್ದೀನಿ." ಅವರನ್ನು ಕೈಹಿಡಿದು ಇಳಿಸಿದೆ. ಇಬ್ಬರೂ ಸೋಫಾಗಳ ನಡುವೆ ನುಸುಳಿ ಹೋದೆವು. ಮೊದಲು ಅವರನ್ನು ಒಳಗೆ ಕಳಿಸಿ ನಾನು ಹೊರಗೆ ಒಂಟಿ ಕಾಲಲ್ಲಿ ನಿಂತಿದ್ದೆ. ವಾಪಸು ಬಂದಾಗಲೂ ಮುಂದಿನ ಗಾಡಿಗಳು ಅಲ್ಲೇ ಇದ್ದವು, ಒಂದು ಗೇಣೂ ಸರಿದಿರಲಿಲ್ಲ.

ಮರುದಿನವೇ ಆ ಮನುಷ್ಯನ ದೂರು ಬಂತು. ಡ್ರೈವರ್ ನನ್ನ ಮೇಲೆ ಕೈ ಮಾಡಿದಳು ಎಂದು. ಕಂಟ್ರೋಲರ್ ನನ್ನನ್ನು ಡ್ಯೂಟಿಯಿಂದ ಇಳಿಸಿ ಬೆಂಚಿನ ಮೇಲೆ ಕೂರಿಸಿದರು. ಆ ಇಡೀ ದಿನ ಒಂದೇ ಯೋಚನೆ. ನಾನೂ ಆ ನೀಲಿ ಅಂಗಿಯವನಂತೆಯೇ ಆದೆನೇ? ಆ ಎತ್ತರದ ಮನುಷ್ಯ ಇನ್ನು ಮೇಲೆ ಬಸ್ಸು ಹತ್ತುವಾಗ ನನ್ನ ಕೈಯನ್ನು ನೋಡುತ್ತಾನೆಯೇ? ಕೋಚಕ್ಕನಿಗೆ ಫೋನ್ ಮಾಡಿದೆ. ಅವಳು, "ಹಿಡಿದ್ರಿ, ಬಿಟ್ರಿ. ಹಿಡಿಯೋದು ಮೈ ಕಲ್ತಿದ್ದು, ಬಿಟ್ಟಿದ್ದು ನೀವು," ಎಂದಳು. ಸಮಾಧಾನವಾಯಿತು ಎಂದರೆ ಸುಳ್ಳು. ಸ್ವಲ್ಪ ಉಸಿರಾಡುವಂತಾಯಿತು.

ಸಂಜೆ ಕಂಟ್ರೋಲರ್ ಬಸ್ಸಿನ ಕ್ಯಾಮೆರಾದಲ್ಲಿದ್ದದ್ದನ್ನು ಹಾಕಿ ನೋಡಿದರು. ಅದರಲ್ಲಿ ನಾನು ಅವನ ತೋಳು ಹಿಡಿದು, ಮುಂದೆ ಸರಿದು, ಹಿಂದೆ ಸರಿಯುತ್ತೇನೆ. "ಇದೇನಮ್ಮ ಇದು, ಡ್ಯಾನ್ಸಾ?" ಎಂದರು. ಆಮೇಲೆ ಕನ್ನಡಕ ಏರಿಸಿಕೊಂಡು ಕೇಳಿದರು: "ಅದಿರ್ಲಿ, ನಡುರಸ್ತೇಲಿ ಗಾಡಿ ಯಾಕೆ ನಿಲ್ಸಿದ್ರಿ?"

ಗಾಡಿಯಲ್ಲಿ ಏನೋ ಸದ್ದು ಬಂತು ಎನ್ನಬಹುದಿತ್ತು. ಎಲ್ಲರೂ ಹಾಗೇ ಹೇಳುವುದು.

"ನೀರು ಕುಡಿದಿದ್ದೆ ಸಾರ್," ಎಂದೆ.

"ನೀರು ಕುಡಿದ್ರೆ ಗಾಡಿ ಯಾಕಮ್ಮ ನಿಲ್ಬೇಕು?"

ಬಾಗಿಲ ಹತ್ತಿರ ಪಾಳಿ ಮುಗಿಸಿ ಬಂದ ಹೆಂಗಸರು ನಿಂತಿದ್ದರು. ಅವರಲ್ಲಿ ಸದಾ ಬಾಯಿ ಮುಚ್ಚಿಕೊಂಡೇ ಇರುವ ಒಬ್ಬಳು, "ಒಳಗೆ ಹೋದದ್ದು ಹೊರಗೆ ಬರ್ಬೇಕಲ್ವಾ ಸಾರ್," ಎಂದಳು. ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ. ಕಂಟ್ರೋಲರ್ ಮುಖ ಕೆಂಪಾಯಿತು. ನಗು ನಿಂತ ಮೇಲೆ ಅದೇ ಹೆಂಗಸು, ನಗದೆ, "ನಾವ್ಯಾರೂ ಕುಡಿಯೋದೇ ಇಲ್ಲ ಸಾರ್. ನಿಮಗೆ ಗೊತ್ತಾ?" ಎಂದಳು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂತರು.

ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಆ ವಾರವೇ ಕೊನೆಯ ನಿಲ್ದಾಣದ ಕೋಣೆಯ ಬೀಗ ಒಡೆಸಿ, ಪೊರಕೆ, ಡಬ್ಬಿ ಹೊರಗೆ ಹಾಕಿಸಿದರು. ಚಿಲಕ ಸರಿಯಿಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲು ಹಿಡಿಯಬೇಕು. ಆದರೂ ಈಗ ನಮ್ಮ ಹೆಂಗಸರ ಚೀಲದಲ್ಲಿ ಬಾಟಲಿ ಕಾಣುತ್ತದೆ, ಅದರಲ್ಲಿ ನೀರೂ ಇರುತ್ತದೆ.

ಇನ್ನೊಂದು ಸಣ್ಣ ವಿಷಯ. ಮೊನ್ನೆ ಗುರುವಾರ ಅಭ್ಯಾಸದಲ್ಲಿ ಸೊಂಟದ ಪಕ್ಕ ಚಳಕ್ ಎಂದಿತು. ಬಿದ್ದ ಪೆಟ್ಟು ಎಂದುಕೊಂಡೆ. ಕೋಚಕ್ಕ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪೆಟ್ಟಲ್ಲವಂತೆ, ಮೂತ್ರಪಿಂಡದಲ್ಲಿ ಕಲ್ಲು. ವರ್ಷಗಟ್ಟಲೆ ಒಣಗಿಸಿದ್ದಕ್ಕೆ ಕೂತಿರಬೇಕು ಎಂದರು. ಚಿಕ್ಕದಂತೆ, ನೀರು ಕುಡಿಯುತ್ತಿದ್ದರೆ ತಾನೇ ಹೋಗುತ್ತದಂತೆ. ನೀನು ಇದಕ್ಕೆಲ್ಲ ರಜೆ ಹಾಕಿ ಓಡಿ ಬರಬೇಡ. ನಿನ್ನ ಕೆಲಸ ಹೊಸದು. ನಾನು ಚೆನ್ನಾಗಿದ್ದೇನೆ, ಉಣ್ಣುತ್ತೇನೆ, ಮಲಗುತ್ತೇನೆ.

ನೀನು ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ಕೆಲಸ ಮಾಡುವವಳು. ರೋಗಿಗಳ ಸಾಲು ಉದ್ದವಿದೆ ಎಂದು ಕುಡಿಯದೆ, ಏಳದೆ ಇರಬೇಡ. ಎದ್ದು ಹೋಗು. ಸಾಲು ಕಾಯುತ್ತದೆ.

ಸದಾ ನಿನ್ನನ್ನೇ ನೆನೆಯುವ,
ಇನ್ನೂ ಬಿಳಿ ಪಟ್ಟಿಯ
ನಿನ್ನ ಅಮ್ಮ

ಮರೆತ ಮಾತು: ಮೀಸೆ ಮಾವ ಕಾಗದಕ್ಕಾಗಿ ಬಂದು ಪಕ್ಕದಲ್ಲೇ ನಿಂತಿದ್ದಾರೆ. ಅವರು ಬಂದಿರುವುದು ಮನೆಗಲ್ಲ, ಆಸ್ಪತ್ರೆಗೆ. ಶುಕ್ರವಾರದಿಂದ ಇಲ್ಲೇ ಇದ್ದೇನೆ. ಕಲ್ಲು ಚಿಕ್ಕದಲ್ಲ, ದಾರಿಗೆ ಅಡ್ಡ ಕೂತಿದೆ. ಮಂಗಳವಾರ ಬೆಳಿಗ್ಗೆ ಪ್ರಜ್ಞೆ ತಪ್ಪಿಸಿ ತೆಗೆಯುತ್ತಾರಂತೆ. ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಕುಡಿಯಬಾರದು ಎಂದು ನರ್ಸಮ್ಮ ಹೇಳಿದಾಗ ನಕ್ಕುಬಿಟ್ಟೆ, ಅವರಿಗೆ ಯಾಕೆಂದು ಅರ್ಥವಾಗಲಿಲ್ಲ. ಬೇಕರಿಯವಳು ಜೊತೆಗಿರುತ್ತೇನೆ ಎಂದಿದ್ದಾಳೆ. ಆದರೂ ಕಣ್ಣು ಬಿಟ್ಟಾಗ ಮೊದಲು ನಿನ್ನ ಮುಖ ಕಾಣಬೇಕು ಅನಿಸುತ್ತಿದೆ. ನನಗೆ ಹೆದರಿಕೆ ಆಗುತ್ತಿದೆ, ಪುಟ್ಟಿ. ಬರಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಬಾ.